ಟೋಪನ್ ತಾತನಿಗೆ ಕೀಲಿಯಕ್ಕ ಹಚ್ಚಿದ ಉಪ್ಪುಖಾರ

ಕೀಲಿಯಕ್ಕನ ಕಿವಿಯ ಬಗ್ಗೆ ಹೇಳಹೊರಟರೆ ನಂಬದವರೇ ಹೆಚ್ಚು. ಆದರೂ ಹೇಳದೆ ಬಿಡುವ ಹಾಗಿಲ್ಲ. ಮೂರನೇ ಮಹಡಿಯ ಮನೆಯಲ್ಲಿ ಕೂತು, ಕೆಳಗೆ ರಸ್ತೆಯಲ್ಲಿ ಹೋಗುವ ಸೈಕಲ್ಲಿನ ಬೆಲ್ಲು ಕೇಳಿಯೇ ಅದರ ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆಯಾಗಿದೆ ಎನ್ನುತ್ತಿದ್ದಳು. ಎದುರುಮನೆಯ ನಲ್ಲಿ ತೊಟ್ಟಿಕ್ಕಿದರೆ, "ನಿನ್ನೆಗಿಂತ ಕಾಲು ಸ್ವರ ಇಳಿದಿದೆ, ವಾಷರ್ ಹೋಗಿರ್ಬೇಕು ನೋಡಿ" ಎಂದು ಕಿಟಕಿಯಿಂದಲೇ ಕೂಗುತ್ತಿದ್ದಳು; ನೋಡಿದರೆ ಹೋಗಿರುತ್ತಿತ್ತು. ಲಾರಿ ಓಡಿಸುವ ಗಂಡ ವಾರಕ್ಕೆ ಎರಡು ದಿನ ಮನೆಯಲ್ಲಿರುತ್ತಿದ್ದ. ಅವನ ಗೊರಕೆ ಶ್ರುತಿ ಬಿಟ್ಟು ಕೆಳಗೆ ಜಾರಿದರೆ ಪಕ್ಕೆಗೆ ತಿವಿದು ಅರ್ಧ ಸ್ವರ ಏರಿಸಿದ ಮೇಲೆಯೇ ಅವಳಿಗೆ ಕಣ್ಣು ಹತ್ತುವುದು.

ಅವಳ ಕಸುಬು ಪಿಯಾನೋಗಳಿಗೆ ಶ್ರುತಿ ಮಾಡುವುದು. ಅಪ್ಪನ ರಿಪೇರಿ ಅಂಗಡಿಯಲ್ಲಿ ಬೆಳೆದವಳು. ಉಣ್ಣೆಯ ಚೂರು, ಹಿತ್ತಾಳೆ ತಂತಿ, ಅಂಟಿನ ಡಬ್ಬಿಗಳ ನಡುವೆ ಅಂಬೆಗಾಲಿಟ್ಟವಳು. ತಂತಿ ಬಿಗಿಯುವ ಉದ್ದ ಹಿಡಿಯ ಕೀಲಿ ಸದಾ ಜೇಬಿನಲ್ಲಿರುತ್ತಿದ್ದರಿಂದ ಆ ಹೆಸರು ಬಂತು. ಕಟ್ಟಡಕ್ಕೆ ಹೊಸದಾಗಿ ಬಂದ ಬಾಡಿಗೆದಾರರು ಹೆಸರು ಕೇಳಿ ಮೋಸಹೋಗಿ, "ಅಕ್ಕಾ, ಬಾಗ್ಲು ಲಾಕ್ ಆಗ್ಬಿಟ್ಟಿದೆ, ಸ್ವಲ್ಪ ಬನ್ನಿ" ಎಂದು ಬಂದು ನಿಲ್ಲುತ್ತಿದ್ದರು. ಹತ್ತು ವರ್ಷ ಅವಳು ತನ್ನ ಕಸುಬು ಬೇರೆ ಎಂದು ಬಿಡಿಸಿ ಹೇಳಿದಳು. ಹನ್ನೊಂದನೇ ವರ್ಷ ಸಾಕಾಗಿ ಬೀಗ ತೆಗೆಯುವುದನ್ನೂ ಕಲಿತಳು.

ಅವಳ ಬಾಳಿನ ದೊಡ್ಡ ಕೆಲಸವೆಂದರೆ ಒಂದು ಹಾರ್ಪ್ಸಿಕಾರ್ಡು. ಪಿಯಾನೋಗೆ ದೊಡ್ಡಮ್ಮನಾಗಬೇಕಾದ ಹಳೇ ಕಾಲದ ವಾದ್ಯ ಅದು. ಪಿಯಾನೋ ತಂತಿಯನ್ನು ಸುತ್ತಿಗೆಯಿಂದ ಹೊಡೆಯುತ್ತದೆ. ಇದು ಹಕ್ಕಿಗರಿಯ ಮೊನೆಯಿಂದ ಚಿವುಟುತ್ತದೆ. ಮುಚ್ಚಿಹೋದ ಶಾಲೆಯೊಂದರ ಉಗ್ರಾಣದಲ್ಲಿ ಅದು ಮೂರೇ ಕಾಲಿನ ಮೇಲೆ ನಿಂತಿತ್ತು. ಬೆನ್ನಿನ ಮೇಲೆ ಒಡೆದ ಭೂಗೋಳ, ಹೊಟ್ಟೆಯೊಳಗೆ ಇಲಿಯ ಸಂಸಾರ. ಅದನ್ನು ಮನೆಗೆ ತಂದು ಆರು ವರ್ಷ ದುರಸ್ತಿ ಮಾಡಿದಳು. ಆ ಆರು ವರ್ಷ ಮನೆಮಂದಿಯೆಲ್ಲ ಅದರ ಸುತ್ತ ಅಡ್ಡಡ್ಡ ನಡೆದರು. ಅತ್ತೆ ಒಗೆದ ಬಟ್ಟೆಯನ್ನು ಅದರ ಮುಚ್ಚಳದ ಮೇಲೆಯೇ ಮಡಿಸಿಟ್ಟರು. ತೊಂಬತ್ತೆಂಟು ತಂತಿಗೆ ತೊಂಬತ್ತೆಂಟು ಗರಿ ಬೇಕಿತ್ತು. ಬೆಳಗಾದರೆ ತಾರಸಿ ಹತ್ತಿ ಉದುರಿದ ಕಾಗೆಗರಿ ಹೆಕ್ಕುತ್ತಿದ್ದಳು. ಕೊನೆಕೊನೆಗೆ ಊರಿನ ಕಾಗೆಗಳೆಲ್ಲ ಅವಳ ಹೆಜ್ಜೆ ಸದ್ದು ಕೇಳಿದರೆ ಪುಕ್ಕ ಮುದುರಿಕೊಂಡು, ಹಾರುವುದನ್ನೂ ಮರೆತು, ನಡೆದುಕೊಂಡೇ ಓಡಿಹೋಗುತ್ತಿದ್ದವಂತೆ.

ಸಿದ್ಧವಾದ ವಾದ್ಯವನ್ನು ಪಕ್ಕದ ಬೀದಿಯ ಸಭಾಂಗಣಕ್ಕೆ ಕೊಟ್ಟಳು. ಇನ್ನೂರು ಕುರ್ಚಿಯ, ತಂಪಾದ ಒಳ್ಳೆಯ ಹಾಲ್. ನುಡಿಸುವವನು ಅವಳ ಮೈದುನ, ಶಾಲೆಯೊಂದರ ಸಂಗೀತ ಮೇಷ್ಟ್ರು. ದಿನಕ್ಕೆ ಏಳು ಮಾತಿಗಿಂತ ಹೆಚ್ಚು ಆಡಿದರೆ ಜ್ವರ ಬರುತ್ತದೇನೋ ಎಂಬಂಥ ಮೌನಿ. ಬಾಯಿಗೆ ಬರಬೇಕಾದ ಮಾತೆಲ್ಲ ಬೆರಳಿಗೆ ಇಳಿದಿತ್ತು.

ನುಡಿಸುತ್ತಿದ್ದದ್ದು ಮುನ್ನೂರು ವರ್ಷದ ಹಿಂದಿನ ಒಬ್ಬನೇ ಸಂಗೀತಗಾರನ ರಚನೆಗಳನ್ನು. ಅವನ ಹೆಸರಿನಲ್ಲಿ ಒತ್ತಕ್ಷರ ಎಷ್ಟಿದ್ದವೆಂದರೆ, ಟಿಕೆಟ್ ಕೌಂಟರಿನ ಹೆಂಗಸು ಒಮ್ಮೆ ಪೂರ್ತಿ ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡು ಎರಡು ದಿನ ಗಂಜಿ ಕುಡಿದಿದ್ದಳು. ಬಾಗಿಲಲ್ಲಿ ತೂಗುಹಾಕಿದ ಚಿತ್ರದಲ್ಲಿ ಭುಜದವರೆಗೆ ಇಳಿಬಿದ್ದ ಗುಂಗುರು ಕೂದಲಿನ ಟೋಪನ್ ಧರಿಸಿ ಕೂತಿದ್ದನಲ್ಲ, ಹಾಗಾಗಿ ಎಲ್ಲರಿಗೂ ಟೋಪನ್ ತಾತನಾದ. ತಾತ ಬರೆದದ್ದೆಲ್ಲ ಪುಟ್ಟಪುಟ್ಟದ್ದು, ಒಂದೋ ಎರಡೋ ಪುಟ. ಪ್ರತಿಯೊಂದರಲ್ಲೂ ಎರಡು ಭಾಗ. ಒಂದೊಂದು ಭಾಗದ ಕೊನೆಯಲ್ಲೂ ಎರಡು ಚುಕ್ಕೆ. ಅಂದರೆ ಅದನ್ನು ಮತ್ತೊಮ್ಮೆ ನುಡಿಸು ಎಂದು. ಎಲ್ಲ ತಂಟೆಯೂ ಹುಟ್ಟಿದ್ದು ಈ ಎರಡು ಚುಕ್ಕೆಯಿಂದಲೇ.

ಭಾನುವಾರ ಸಂಜೆ ನಾಲ್ಕಕ್ಕೆ ಕಛೇರಿ. ಮೊದಲು ಪ್ರೊಫೆಸರರ ಪರಿಚಯ ಭಾಷಣ, ಆಮೇಲೆ ನುಡಿಸುವುದು, ನಡುವೆ ಒಂದು ಇಂಟರ್ವಲ್ಲು. ಏಳು ಭಾನುವಾರ ಕಳೆದ ಮೇಲೆ ಸೋಮವಾರ ಬೆಳಿಗ್ಗೆ ಸಭಾಂಗಣದ ಮ್ಯಾನೇಜರು ಕೀಲಿಯಕ್ಕನನ್ನು ಕರೆದು ಕೂರಿಸಿದ.

"ಅಕ್ಕ, ನಿನ್ನೆ ಇಂಟರ್ವಲ್ ಆದ್ಮೇಲೆ ಎಷ್ಟು ಜನ ಉಳಿದಿದ್ರು ಗೊತ್ತಾ? ಹನ್ನೊಂದು. ಅದ್ರಲ್ಲಿ ನಾಲ್ಕು ಜನ ನಿದ್ದೆ. ಇನ್ನೊಬ್ರು ಇದೇ ಕ್ಲಿನಿಕ್ಕು ಅಂದ್ಕೊಂಡು ಹಲ್ಲಿನ ಡಾಕ್ಟ್ರು ಯಾವಾಗ ಬರ್ತಾರೆ ಅಂತ ಕಾಯ್ತಾ ಕೂತಿದ್ರು."

"ಪ್ರೊಫೆಸರ್ ಅಷ್ಟು ಕೊರೆದ್ರೆ ಯಾರು ಉಳೀತಾರೆ ಹೇಳಿ?"

"ಅವ್ರು ಸಮಿತಿ ಮೆಂಬರು, ನಾನೇನೂ ಅನ್ನೋ ಹಾಗಿಲ್ಲ. ನಿಮ್ಮ ಮೈದುನನಿಗೇ ಹೇಳಿ. ಅದೇನು ಪ್ರತಿಯೊಂದನ್ನೂ ಎರಡೆರಡು ಸಲ? ಜನ ಏನಂತಾರೆ ಗೊತ್ತಾ? ಪಾಪ, ಮುಂದಿಂದು ಮರೆತ್ಹೋಗಿದೆ, ಅದಕ್ಕೆ ಮತ್ತೆ ಮೊದ್ಲಿಂದ ಶುರು ಮಾಡ್ತಾನೆ ಅಂತಾರೆ!"

ಮ್ಯಾನೇಜರು ದನಿ ತಗ್ಗಿಸಿ ಹೇಳಿದ: "ಮುಂದಿನ ಭಾನುವಾರ ಇಂಟರ್ವಲ್ ಆದ್ಮೇಲೆ ಅರ್ಧ ಹಾಲ್ ಕೂತಿದ್ರೆ ಸರಿ. ಇಲ್ದಿದ್ರೆ ತಾತನ ಕಛೇರಿ ಅಲ್ಲಿಗೆ ಬಂದ್. ಪೆಟ್ಟಿಗೆ ಸ್ಟೇಜಿನ ಕೆಳಗೆ ಹೋಗುತ್ತೆ. ಬೇರೆ ಜಾಗ ಇಲ್ಲ."

ಸ್ಟೇಜಿನ ಕೆಳಗೆ ನೀರಿನ ಪಂಪು. ಗೋಡೆ ವರ್ಷವಿಡೀ ಬೆವರುವ ಜಾಗ. ಅಲ್ಲಿ ಒಂದು ತಿಂಗಳಿಟ್ಟರೆ ತೆಳು ಹಲಗೆ ಉಬ್ಬಿ ಸೀಳುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ಆರು ವರ್ಷದ ಕೆಲಸ ಮತ್ತೆ ಇಲಿಗಳ ಪಾಲು. ಮನೆಗೆ ತರೋಣವೆಂದರೆ ಅದೂ ಆಗದ ಮಾತು. ಕೆಳಗಿಳಿಸುವಾಗಲೇ ಕಿಟಕಿಯ ಚೌಕಟ್ಟು ಕಿತ್ತು, ಹಗ್ಗ ಕಟ್ಟಿ, ಬೀದಿಯ ಅರ್ಧ ಜನ ಹಿಡಿದು ಇಳಿಸಿದ್ದರು. ಕಟ್ಟಡದ ಮಾಲೀಕ ಅಂದಿನಿಂದ ಆ ಕಿಟಕಿಯನ್ನು ಕಂಡರೆ ಎದೆ ಹಿಡಿದುಕೊಳ್ಳುತ್ತಿದ್ದ.

ಎರಡು ದಿನ ಕೀಲಿಯಕ್ಕನಿಗೆ ಊಟ ಸೇರಲಿಲ್ಲ. ಬುಧವಾರ ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಾಗ ಅತ್ತೆ ಮೆಟ್ಟಿಲು ಹತ್ತಿ ಬಂದು ಸುದ್ದಿ ಹೇಳಿದರು:

"ಎರಡನೇ ಮಹಡಿಯೋರ ಬೀರು ಮೆಟ್ಟಿಲ ತಿರುವಲ್ಲಿ ಸಿಕ್ಕಾಕ್ಕೊಂಡಿತ್ತು ಕಣೇ. ಮೂರು ಜನ ಎಳೆದ್ರು. ಬರ್ಲಿಲ್ಲ, ಕೊನೆಗೆ ಬೀರಿನ ಬಾಗ್ಲು ಕಿತ್ತರು. ಆಮೇಲೆ ಸರಿಹೋಯ್ತು."

ಇಷ್ಟು ಹೇಳಿ ಬಾಲ್ಕನಿಗೆ ಹೋದ ಅತ್ತೆ, ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಗೆಳತಿಯನ್ನು ಕಂಡು ಅದೇ ಸುದ್ದಿಯನ್ನು ಮತ್ತೆ ಶುರುಮಾಡಿದರು:

"ಬೀರು ಅಂದ್ರೆ ಬೀರೇನೇ? ಆನೆ ಕಣೇ, ಆನೆ! ಮೆಟ್ಟಿಲ ತಿರುವಲ್ಲಿ ಸಿಕ್ಕಾಕ್ಕೊಂಡು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮೂರು ಜನ ಎಳೆದ್ರು. ಒಬ್ಬನ ಪ್ಯಾಂಟು ಚರ್ ಅಂತ ಹರೀತು, ಇನ್ನೊಬ್ಬ ಹೆಂಡ್ತಿ ಹೆಸ್ರು ಕೂಗಿ ಅತ್ತ, ಮೂರನೆಯೋನು ಎಲ್ಲಿ ಹೋದ ಅಂತ್ಲೇ ಗೊತ್ತಾಗ್ಲಿಲ್ಲ. ಕೊನೆಗೆ ಬೀರಿನ ಬಾಗ್ಲು ಕಿತ್ತು ನೋಡಿದ್ರೆ ಅವನು ಒಳಗೆ ಕೂತಿದ್ದಾನೆ! 'ಯಾವ ಮಹಡಿ ಬಂತು?' ಅಂತಾನೆ! ಆಮೇಲೆ ಸರಿಹೋಯ್ತು ಬಿಡು."

ಆ ಕಡೆಯ ಬಾಲ್ಕನಿಯಲ್ಲಿ ನಗೆ ತಡೆಯಲಾರದೆ ಒದ್ದೆ ಬಟ್ಟೆ ರಸ್ತೆಗೆ ಬಿತ್ತು. ಕೀಲಿಯಕ್ಕನ ಕೈಯ ಚಾಕು ಅಲ್ಲೇ ನಿಂತಿತು. ಅದೇ ಬೀರು, ಅದೇ ತಿರುವು, ಅದೇ ಮೂರು ಜನ, ಕೊನೆಗೆ ಅದೇ "ಸರಿಹೋಯ್ತು". ಒಂದು ಮೆಟ್ಟಿಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಮೊದಲನೆಯದು ಬರೀ ಸುದ್ದಿ, ಎರಡನೆಯದಕ್ಕೆ ಉಪ್ಪುಖಾರ ಬಿದ್ದಿತ್ತು.

ಮೈದುನ ಕೂಡ ಇದನ್ನೇ ಮಾಡುತ್ತಿದ್ದುದು ಅವಳಿಗೆ ನೆನಪಾಯಿತು. ವಾರದ ನಡುವೆ, ಖಾಲಿ ಸಭಾಂಗಣದಲ್ಲಿ, ಅವಳು ಶ್ರುತಿ ಮುಗಿಸಿದ ಮೇಲೆ ತಂತಿ ನೋಡುವ ನೆಪದಲ್ಲಿ ಅವನು ನುಡಿಸುವಾಗ ಎರಡನೇ ಸಲಕ್ಕೆ ಬಂದರೆ ಬೆರಳಿಗೆ ಚೇಷ್ಟೆ ಹತ್ತುತ್ತಿತ್ತು. ಒಂದು ಸ್ವರವಿದ್ದ ಕಡೆ ಐದು ಮಿಣುಕು, ನೇರ ಇಳಿಯುವ ಕಡೆ ಒಂದು ಬಳುಕು. ಭಾನುವಾರ ಮಾತ್ರ ಅದರ ಸುಳಿವೇ ಇರುತ್ತಿರಲಿಲ್ಲ. ಎರಡನೆಯದು ಮೊದಲನೆಯದರ ನಕಲು.

ಮಾರನೆಯ ದಿನ ಸಭಾಂಗಣದಲ್ಲೇ ಅವನನ್ನು ಹಿಡಿದಳು.

"ಏನಪ್ಪಾ, ಎರಡನೇ ಸಲ ಉಪ್ಪುಖಾರ ಹಚ್ಚಿದ್ರೆ ತಪ್ಪಾಗುತ್ತಾ?"

ಮೈದುನ ಕಿವಿಯವರೆಗೆ ಕೆಂಪಾದ. "ಹಚ್ಬೇಕು ಅತ್ತಿಗೆ. ಆ ಕಾಲದಲ್ಲಿ ಎಲ್ರೂ ಹಚ್ತಿದ್ರು. ಹಚ್ದೇ ಇದ್ರೆ ಇವನಿಗೆ ಬರಲ್ಲ ಅಂತಿದ್ರು."

"ಮತ್ತೆ ಕಾಗದದಲ್ಲಿ ಇಲ್ವಲ್ಲ?"

"ಬರೀತಿರ್ಲಿಲ್ಲ. ಎರಡು ಚುಕ್ಕೆ ಇಟ್ಟು ಬಿಡ್ತಿದ್ರು. ಮಿಕ್ಕಿದ್ದು ನುಡಿಸೋನ ಪಾಲಿಗೆ."

ಇಷ್ಟು ಆಡಿದ್ದರಿಂದ ಅವನ ಮೂರು ದಿನದ ಮಾತು ಖರ್ಚಾಗಿತ್ತು. ಆದರೂ ಅತ್ತಿಗೆ ಬಿಡಲಿಲ್ಲ. "ಹಂಗಾದ್ರೆ ಭಾನುವಾರ ಯಾಕೆ ಒಣಗಿಸ್ತೀಯಾ?"

"ಪ್ರೊಫೆಸರ್ ಮುಂದಿನ ಸಾಲಲ್ಲಿ ತಾತನ ಸ್ವರದ ಪುಸ್ತಕ ಬಿಚ್ಕೊಂಡು ಕೂತಿರ್ತಾರೆ. ಒಂದು ಸ್ವರ ಹೆಚ್ಚಾದ್ರೂ ಪೆನ್ಸಿಲ್ ತೆಗೀತಾರೆ. ಆ ಗೀಚೋ ಸದ್ದು ಕೇಳಿದ್ರೆ ನನ್ನ ಕೈ ತಣ್ಣಗಾಗುತ್ತೆ."

ಕೀಲಿಯಕ್ಕ ಮನೆಗೆ ಹೋಗಿ ಅತ್ತೆಗೆ, "ಅತ್ತೆ, ಭಾನುವಾರ ಒಳ್ಳೇ ಸೀರೆ ಉಟ್ಕೊಂಡು ನನ್ನ ಜೊತೆ ಬನ್ನಿ" ಎಂದಳು.

"ಆ ಟಿಣಿಟಿಣಿ ಕೇಳೋಕಾ? ಆರು ವರ್ಷ ಮನೇಲೇ ಕೇಳಿದೀನಲ್ಲೇ. ಬಟ್ಟೆ ಇಡೋಕೆ ಚೆನ್ನಾಗಿತ್ತು, ಅಷ್ಟೇ."

"ಕುರ್ಚಿ ಮೆತ್ತಗಿದೆ, ಬನ್ನಿ."

ಭಾನುವಾರ ಬಂತು. ಪ್ರೊಫೆಸರರು ಮೈಕಿನ ಮುಂದೆ ನಿಂತು, ತಾತ ಹುಟ್ಟಿದ್ದು ಮಂಗಳವಾರವೋ ಬುಧವಾರವೋ ಎಂಬ ವಿಷಯವನ್ನು ಕೈಗೆತ್ತಿಕೊಂಡರು. ದೊಡ್ಡ ವಿದ್ವಾಂಸರು, ಸುಳ್ಳು ಹೇಳುವವರಲ್ಲ. ಅದಕ್ಕೇ ಒಂದೊಂದು ದಿನಕ್ಕೂ ಇಪ್ಪತ್ತು ನಿಮಿಷ ನ್ಯಾಯ ಒದಗಿಸಿದರು. ಇದು ಅವರ ಎಂಟನೇ ಭಾಷಣ. ತಾತನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಆಮೇಲೆ ಮೈದುನ ಬಂದು, ತಲೆ ತಗ್ಗಿಸಿ, ಆರು ರಚನೆಗಳನ್ನು ಚುಕ್ಕೆ ಕಂಡಲ್ಲೆಲ್ಲ ಎರಡೆರಡು ಸಲ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ನುಡಿಸಿ ಒಳಗೆ ಹೋದ. ಇಂಟರ್ವಲ್ಲಿನ ದೀಪ ಹತ್ತಿತು. ಹತ್ತಿದ್ದೇ ತಡ, ಜನ ಚೀಲ, ಕೋಟು, ಕೊಡೆಗಳನ್ನು ಎತ್ತಿಕೊಂಡರು. ಮ್ಯಾನೇಜರು ಬಾಗಿಲ ಬಳಿ ಕೈಕಟ್ಟಿ ನಿಂತ.

ಇಂಟರ್ವಲ್ಲಿನಲ್ಲೇ ಕೀಲಿಯಕ್ಕನ ಕೆಲಸ. ದೀಪದ ಶಾಖಕ್ಕೆ ತಂತಿಗಳು ಸಡಿಲವಾಗುತ್ತವೆ, ಮತ್ತೆ ಬಿಗಿಯಬೇಕು. ಅವಳು ಸ್ಟೇಜಿಗೆ ಬಂದು ಮುಚ್ಚಳ ಎತ್ತಿ ಟಿಂಗ್... ಟಿಂಗ್... ಎಂದು ಒಂದೊಂದೇ ತಂತಿ ಚಿವುಟಿಸಿ ನೋಡತೊಡಗಿದಳು. ಬಾಗಿಲತ್ತ ಹೊರಟಿದ್ದ ಬೊಕ್ಕತಲೆಯವರೊಬ್ಬರು ನಿಂತರು. ಕಿವಿಗೊಟ್ಟರು. ಹೆಂಡತಿಯ ತೋಳು ಹಿಡಿದು ಗಟ್ಟಿಯಾಗಿಯೇ ಅಂದರು: "ಇದು ಆಧುನಿಕ ಸಂಗೀತ ಇರ್ಬೇಕು ಕಣೇ. ಈಯಮ್ಮ ಪರವಾಗಿಲ್ಲ, ಎಲ್ಲಾನೂ ಒಂದೊಂದೇ ಸಲ ನುಡಿಸ್ತಾಳೆ!" ಎಂದು ಚಪ್ಪಾಳೆ ತಟ್ಟಿದರು. ಅವರು ತಟ್ಟಿದರೆಂದು ಸುತ್ತಲಿನ ಇಪ್ಪತ್ತು ಜನವೂ ತಟ್ಟಿದರು.

ಕೀಲಿಯಕ್ಕ ಮೂವತ್ತು ವರ್ಷ ಸ್ಟೇಜು ಹತ್ತಿಳಿದವಳು, ಒಂದು ದಿನವೂ ಜನರ ಕಡೆ ಮುಖ ಮಾಡಿದವಳಲ್ಲ. ಕೀಲಿಯನ್ನು ಗಟ್ಟಿಯಾಗಿ ಹಿಡಿದು ತಿರುಗಿದಳು.

"ಸಾರ್, ನಾನು ನುಡಿಸೋಳಲ್ಲ, ತಂತಿ ತಿರುವೋಳು. ಆದ್ರೂ ಚಪ್ಪಾಳೆ ಹೊಡೆದ್ರಲ್ಲ, ಬಾಯ್ತುಂಬಾ ಥ್ಯಾಂಕ್ಸು. ಒಂದು ಮಾತು ಕೇಳ್ಲಾ? ನೀವ್ಯಾಕೆ ಎದ್ದು ಹೊರಟ್ರಿ?"

ಬೊಕ್ಕತಲೆಯವರ ಹೆಂಡತಿ ಗಂಡನ ಪರವಾಗಿ ಉತ್ತರಿಸಿದಳು: "ಹೇಳಿದ್ದನ್ನೇ ಹೇಳ್ತಾರಮ್ಮ ಅವ್ರು. ಒಂದ್ಸಲ ಹೇಳಿದ್ರೆ ನಮಗೆ ಅರ್ಥ ಆಗಲ್ವಾ? ನನ್ನ ಗಂಡನ ಹತ್ರ ಹೇಳ್ದಂಗೆ ಎರಡೆರಡು ಸಲ ಹೇಳ್ಬೇಕಾ?"

ಇಡೀ ಹಾಲ್ ಗೊಳ್ಳೆಂದಿತು. ಹೊರಟವರು ಬಾಗಿಲಲ್ಲೇ ನಿಂತರು.

"ಸರಿಯಾಗಿ ಹಿಡಿದ್ರಿ ಅಮ್ಮ. ಟೋಪನ್ ತಾತನೂ ಅದನ್ನೇ ಹೇಳೋದು. ಬರೀ ಹೇಳಿದ್ದನ್ನೇ ಹೇಳೋಕೆ ಆ ಎರಡು ಚುಕ್ಕೆ ಇಟ್ಟಿಲ್ಲ ಅವನು. ಈ ಪೆಟ್ಟಿಗೆ ಇದೆಯಲ್ಲ, ಇದಕ್ಕೆ ಕೂಗೋಕೂ ಬರಲ್ಲ, ಪಿಸುಗುಟ್ಟೋಕೂ ಬರಲ್ಲ. ಮೆಲ್ಲಗೆ ಒತ್ತಿದ್ರೂ ಗುದ್ದಿದ್ರೂ ಸದ್ದು ಅಷ್ಟೇ. ಹಂಗಾದ್ರೆ ಮಾತಿಗೆ ಬಣ್ಣ ಬರೋದು ಹೇಗೆ? ನಮ್ಮತ್ತೆ ತೋರಿಸ್ತಾರೆ. ಅತ್ತೆ, ಎದ್ದೇಳಿ. ಬೀರಿನ ಸುದ್ದಿ ಹೇಳಿ. ಮೊದ್ಲು ನನಗೆ ಹೇಳಿದ ಹಾಗೆ."

ಮುಂದಿನ ಸಾಲಿನಲ್ಲಿ, ಪ್ರೊಫೆಸರರ ಪಕ್ಕದಲ್ಲೇ ಕೂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. ಮೈಕು ಬೇಕೇ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ನಾಲ್ಕು ವಾಕ್ಯದಲ್ಲಿ ಬೀರು ಸಿಕ್ಕಿಕೊಂಡಿತು, ಮೂರು ಜನ ಎಳೆದರು, ಬಾಗಿಲು ಕಿತ್ತರು, ಸರಿಹೋಯಿತು. ಜನ ಸುಮ್ಮನೆ ಕೇಳಿದರು.

"ಈಗ ಪಕ್ಕದ ಬಾಲ್ಕನಿಗೆ ಹೇಳಿದ ಹಾಗೆ."

ಮುಂದೆ ಇನ್ನೂರು ಕುರ್ಚಿಯ ಬಾಲ್ಕನಿಯೇ ಇರುವಾಗ ಅತ್ತೆ ಕೈ ಬಿಗಿಹಿಡಿಯುತ್ತಾರೆಯೇ? ಈ ಸಲ ಬೀರು ಹಡಗಿನಷ್ಟಾಯಿತು. ತಿರುವಿನಲ್ಲಿ ಸಿಕ್ಕಿದ್ದಕ್ಕೆ ಇಡೀ ಕಟ್ಟಡ ಒಂದು ಗೇಣು ಪಕ್ಕಕ್ಕೆ ವಾಲಿತು. ಎಳೆದ ಮೂವರಲ್ಲಿ ಇಬ್ಬರು ಬೆಂಕಿ ಆರಿಸುವ ದಳಕ್ಕೆ ಫೋನು ಮಾಡಿದರು, ಮೂರನೆಯವನು ಬೀರಿನೊಳಗಿಂದಲೇ ಫೋನೆತ್ತಿ "ಹಲೋ" ಎಂದ. ಬಾಗಿಲು ಕಿತ್ತಾಗ ಅವನು ಒಳಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಆಮೇಲೆ ಸರಿಹೋಯಿತು.

ನಗೆ ಅಡಗುವುದಕ್ಕೆ ಒಂದು ನಿಮಿಷ ಹಿಡಿಯಿತು. ಕೀಲಿಯಕ್ಕ ಕಣ್ಣೊರೆಸಿಕೊಂಡು ಹೇಳಿದಳು: "ಕಥೆ ಬದಲಾಯ್ತಾ? ಇಲ್ಲ. ಮೊದಲನೇ ಸಲ ಕೇಳಿದ್ರಿಂದ್ಲೇ ಎರಡನೇ ಸಲ ನಗು ಬಂತು. ಎಲ್ಲಿ ಬೀರು, ಎಲ್ಲಿ ಬಾಗ್ಲು ಅಂತ ಗೊತ್ತಿತ್ತು ನಿಮಗೆ. ತಾತನ ಎರಡು ಚುಕ್ಕೆ ಅಂದ್ರೆ ಇಷ್ಟೇ. ಮೊದ್ಲು ಸುದ್ದಿ ಹೇಳು, ಆಮೇಲೆ ಉಪ್ಪುಖಾರ ಹಚ್ಚು. ನಮ್ಮ ಮೈದುನನಿಗೆ ಅದು ಚೆನ್ನಾಗಿ ಬರುತ್ತೆ. ನಿಮ್ಮನ್ನ ಕಂಡ್ರೆ ನಾಚಿಕೆ, ಅಷ್ಟೇ. ಐದು ನಿಮಿಷ ಕೂತ್ಕೊಳ್ಳಿ. ಆಮೇಲೂ ಹೋಗ್ಬೇಕು ಅನ್ಸಿದ್ರೆ ನಾನೇ ಬಾಗ್ಲು ತೆಗೀತೀನಿ."

ಜನ ಕೂತರು. ಪರದೆಯ ಹಿಂದೆ ನಿಂತು ಇದನ್ನೆಲ್ಲ ಕೇಳಿದ್ದ ಮೈದುನ ಬಂದು ವಾದ್ಯದ ಮುಂದೆ ಕೂತ. ಮುಂದಿನ ಸಾಲಿನಲ್ಲಿ ಪುಸ್ತಕ ಬಿಚ್ಚಿ, ಪೆನ್ಸಿಲು ಹಿಡಿದ ಪ್ರೊಫೆಸರರನ್ನು ನೋಡಿದ. ಪಕ್ಕಕ್ಕೆ ಸರಿದು ನಿಂತ ಅತ್ತಿಗೆಯನ್ನೂ ನೋಡಿದ. ಒಂದು ಪುಟದ ರಚನೆಯೊಂದನ್ನು ಎತ್ತಿಕೊಂಡ.

ಮೊದಲನೇ ಸಲ ನೇರವಾಗಿ, ಸುದ್ದಿ ಹೇಳಿದಂತೆ. ಎರಡು ಚುಕ್ಕೆ ಬಂತು. ಎರಡನೇ ಸಲವೂ ಅದೇ ನೇರ ದಾರಿ. ಒಂದು ಸಾಲು ಹಾಗೆಯೇ ಹೋಯಿತು. ಹೋಯಿತು, ಎಲ್ಲ ಹೋಯಿತು ಎಂದು ಕೀಲಿಯಕ್ಕ ಅಂದುಕೊಳ್ಳುವಷ್ಟರಲ್ಲಿ ಮೇಲಿನ ಸ್ವರವೊಂದು ಸಣ್ಣಗೆ ಕೊಂಕಿತು. ಹಿಂದಿನ ಸಾಲಿನಲ್ಲಿ ಯಾರೋ "ಹಾಂ!" ಎಂದರು. ಆ ಒಂದು "ಹಾಂ" ಸಾಕಾಯಿತು. ಬೆರಳಿಗೆ ರೆಕ್ಕೆ ಬಂತು. ಸ್ವರಗಳು ಮಿಣುಕಿದವು, ಜಾರಿದವು, ಬಿದ್ದೇಬಿಟ್ಟವು ಎನ್ನುವಾಗ ಎದ್ದು ನಿಂತು ಮತ್ತೆ ಹೆಜ್ಜೆ ಹಾಕಿದವು. ಎಡಗೈ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ಮೊದಲಿನ ದಾರಿಯಲ್ಲೇ ನಡೆಯುತ್ತಿತ್ತು. ತಿರುವು ಬಂದ ಕಡೆ ಜನ ಗುರುತು ಹಿಡಿದು ನಕ್ಕರು. ಮುನ್ನೂರು ವರ್ಷದ ಹಿಂದಿನ ಹಾಸ್ಯಕ್ಕೆ, ಮಾತಿಲ್ಲದ ಹಾಸ್ಯಕ್ಕೆ, ಅಂದು ಆ ಸಭಾಂಗಣ ನಕ್ಕಿತು.

ಕೀಲಿಯಕ್ಕನ ಕಿವಿ ಮಾತ್ರ ಪೆನ್ಸಿಲಿನ ಗೀಚು ಸದ್ದಿಗಾಗಿ ಕಾಯುತ್ತಿತ್ತು. ಅದು ಬರಲಿಲ್ಲ. ಪ್ರೊಫೆಸರರು ಪುಸ್ತಕದಲ್ಲಿ ಜಾಗ ಕಳೆದುಕೊಂಡಿದ್ದರು. ಹಾಳೆ ಮುಂದೆ ತಿರುವಿದರು, ಹಿಂದೆ ತಿರುವಿದರು, ಕೊನೆಗೆ ಪಕ್ಕದ ಅತ್ತೆಯ ಕಡೆ ಬಾಗಿ ಪಿಸುಗುಟ್ಟಿದರು: "ಎಲ್ಲಿದ್ದಾರೆ ಈಗ?"

"ಬೀರಿನ ಬಾಗ್ಲು ಕೀಳ್ತಾ ಇದ್ದಾರೆ," ಎಂದರು ಅತ್ತೆ. "ಸುಮ್ನೆ ಕೇಳಿ."

ಪ್ರೊಫೆಸರರು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಅವರೂ ಕೇಳಿದರು.

ಕಛೇರಿ ಮುಗಿದಾಗ ಮ್ಯಾನೇಜರು ಎರಡು ಸಲ ತಲೆ ಎಣಿಸಿದ, ನೂರ ಅರವತ್ತಮೂರು. ಹಲ್ಲಿನ ಡಾಕ್ಟರಿಗೆ ಕಾಯುತ್ತಿದ್ದವರೂ ನೋವು ಮರೆತು ಕೂತಿದ್ದರು. ಅವನು ಸ್ಟೇಜಿನ ಬಳಿ ಬಂದು, "ಅಕ್ಕ, ಪೆಟ್ಟಿಗೆ ಎಲ್ಲಿದೆಯೋ ಅಲ್ಲೇ ಇರ್ಲಿ" ಎಂದಷ್ಟೇ ಹೇಳಿದ. ಪ್ರೊಫೆಸರರು ಮೈದುನನ ಕೈ ಕುಲುಕಿ, "ಆ ಎರಡನೇ ಸಲದ್ದನ್ನ ಬರೆದು ಕೊಡಿ, ಪುಸ್ತಕಕ್ಕೆ ಸೇರಿಸ್ತೀನಿ" ಎಂದರು. "ಮುಂದಿನ ವಾರ ಬೇರೆ ಇರುತ್ತೆ ಸಾರ್" ಎಂದ ಮೈದುನ, ಅಂದಿನ ಏಳು ಮಾತಿನಲ್ಲಿ ಐದನ್ನು ಖುಷಿಯಿಂದ ಖರ್ಚುಮಾಡಿ.

ಅಂದಿನಿಂದ ಈ ಹದಿನಾಲ್ಕು ವರ್ಷ ತಾತನನ್ನು ಜನರಿಗೆ ಪರಿಚಯಿಸುತ್ತ ಬಂದವಳು ಕೀಲಿಯಕ್ಕನೇ. ತಾತ ಹುಟ್ಟಿದ ವಾರ ಇಂದಿಗೂ ಅವಳಿಗೆ ತಿಳಿಯದು. ವಾರಕ್ಕೆ ಒಂದೇ ಸಂಗತಿ ಹೇಳುತ್ತಿದ್ದಳು. ಒಂದು ವಾರ ಹೊಡೆಯುವುದಕ್ಕೂ ಚಿವುಟುವುದಕ್ಕೂ ಇರುವ ವ್ಯತ್ಯಾಸ, ಇನ್ನೊಂದು ವಾರ ಎಡಗೈ ಬಲಗೈಯನ್ನು ಅಣಕಿಸಿ ಓಡುವ ಬಗೆ. ಹತ್ತು ನಿಮಿಷಕ್ಕಿಂತ ಹೆಚ್ಚು ಆಡಿದ್ದಿಲ್ಲ. ಕೇಳಿದವರು ಮನೆಗೆ ಹೋಗಿ ಅದನ್ನೇ ಹೇಳುತ್ತಿದ್ದರು, ಹೇಳುವಾಗ ಸ್ವಲ್ಪ ಹೆಚ್ಚಿಸಿಯೇ ಹೇಳುತ್ತಿದ್ದರು. ಮರುವಾರ ಹೊಸ ಮುಖಗಳು ಬರುತ್ತಿದ್ದವು.

ಈಗ ಇಂಟರ್ವಲ್ಲಿನಲ್ಲಿ ಯಾರೂ ಏಳುವುದಿಲ್ಲ. ಕೀಲಿಯಕ್ಕ ಬಂದು ಮುಚ್ಚಳ ಎತ್ತಿ, "ತೊಂಬತ್ತೆಂಟು ತಂತಿ ಇದೆ, ನನಗೆ ಕೇಳಿಸ್ಬೇಕು, ಸ್ವಲ್ಪ ಸುಮ್ನಿರಿ" ಎಂದರೆ ಸಾಕು, ಕೆಮ್ಮುವವರು ಕೆಮ್ಮನ್ನು ನುಂಗುತ್ತಾರೆ. ಇನ್ನೂರು ಜನ ಮುಂದಕ್ಕೆ ಬಾಗಿ ಕೂರುತ್ತಾರೆ. ಅವಳು ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾಳೆ. ಎರಡು ತಂತಿಗಳ ಸ್ವರ ಕೂಡದಿದ್ದಾಗ ಹುಟ್ಟುವ ಸಣ್ಣ ನಡುಕ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ನಿಂತುಹೋಗುತ್ತದೆ. ಅದು ನಿಂತದ್ದು ಈಗ ಕೊನೆಯ ಸಾಲಿನವರಿಗೂ ಕೇಳಿಸುತ್ತದೆ.